ಅವ್ವನ ಸೀರೆ ಹರಿದ ದಿನ

ಹತ್ತಿ ಸೀರೆ ಹರಿಯುವಾಗ ಬರುವ ಸದ್ದು ನಿಮಗೆ ಗೊತ್ತಾ? ದಡಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಬೇಕು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಎಳೆಯಬೇಕು. ಪರ್ರ್ ಅಂತ ಒಂದೇ ಉಸಿರಿಗೆ ಎದುರಿನ ದಡಿಯವರೆಗೂ ಓಡುತ್ತದೆ. ಅಲ್ಲಿಗೆ ಹೋಗಿ ನಿಲ್ಲುತ್ತದೆ. ದಡಿಯ ನೇಯ್ಗೆ ದಟ್ಟ, ಅದು ಸುಲಭಕ್ಕೆ ಹರಿಯುವುದಿಲ್ಲ, ಅಲ್ಲಿ ಮತ್ತೆ ಕತ್ತರಿಯೇ ಬೇಕು.

2023ರ ಮೇ ತಿಂಗಳಲ್ಲಿ ನಮ್ಮ ಮನೆಯ ಹಾಲ್‌ನಲ್ಲಿ ಕೂತು ನಾನು ಅವ್ವನ ಸೀರೆಯನ್ನು ಹಾಗೆ ಹರಿದೆ. ಅವ್ವ ಹೋಗಿ ಮೂರೂವರೆ ವರ್ಷವಾಗಿತ್ತು. ಅಷ್ಟು ದಿನವೂ ಅವಳ ಸೀರೆಗಳು ಬೆಂಗಳೂರಿನ ನಮ್ಮ ಮನೆಯ ಕಪಾಟಿನ ಮೇಲಿನ ಅರೆಯಲ್ಲಿದ್ದವು. ಒಟ್ಟು ಹದಿನಾಲ್ಕು. ನುಸಿಗುಳಿಗೆ ಹಾಕಿ, ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದೆ. ಒಮ್ಮೊಮ್ಮೆ ಮಧ್ಯಾಹ್ನ ಯಾರೂ ಇಲ್ಲದಾಗ ಇಳಿಸಿ, ಬಿಚ್ಚಿ ನೋಡಿ, ಮೂಸಿ, ಮತ್ತೆ ಹಾಗೇ ಕಟ್ಟಿಡುತ್ತಿದ್ದೆ. ಮೊದಮೊದಲು ಅವಳ ವಾಸನೆ ಇತ್ತು. ಆಮೇಲೆ ಬರೀ ಗುಳಿಗೆಯ ವಾಸನೆ.

ಧಾರವಾಡದಿಂದ ದೊಡ್ಡವ್ವ ಬಂದಿದ್ದಳು. ಅವ್ವನ ಅಕ್ಕ. ಎಪ್ಪತ್ನಾಲ್ಕು ವರ್ಷ, ಕಣ್ಣಿನ ಆಪರೇಷನ್ ಆಗಿದೆ, ಆದರೂ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ನಾನು ಗಂಟು ಬಿಚ್ಚಿ ತೋರಿಸಿದೆ. ಅವಳು ಒಂದೊಂದೇ ಸೀರೆ ತೊಡೆಯ ಮೇಲೆ ಹರವಿಕೊಂಡು ಕೈಯಾಡಿಸಿದಳು. ಹಸಿರು ಒಡಲಿನ ಇಳಕಲ್ ಸೀರೆ ಬಂದಾಗ ನಿಂತಳು. ಅದರ ಕೆಂಪು ರೇಷ್ಮೆ ಸೆರಗು ಮಡಿಕೆಯ ಗುಂಟ ಸೀಳಿತ್ತು. ಅವ್ವ ಹೋದ ಮೇಲೆ ಯಾರೂ ಉಟ್ಟಿಲ್ಲ, ಒಗೆದಿಲ್ಲ. ಸುಮ್ನೆ ಮಡಚಿಟ್ಟಿದ್ದಕ್ಕೇ ಸೀಳಿತ್ತು. ರೇಷ್ಮೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಹೀಗಾಗುತ್ತದೆ, ಆಗಾಗ ಮಡಿಕೆ ಬದಲಿಸಬೇಕು. ನನಗೆ ಗೊತ್ತಿರಲಿಲ್ಲ. ನಾನು ಪ್ರತಿ ಸಲವೂ ಅವ್ವ ಮಡಚಿದ್ದ ಹಾಗೇ, ಅದೇ ಗೆರೆಗಳ ಮೇಲೆ ಮಡಚಿ ಇಡುತ್ತಿದ್ದೆ. ಅವಳ ಕೈ ಮಡಿಕೆ ಅಳಿಸಬಾರದು ಅಂತ.

ದೊಡ್ಡವ್ವ ಬೈಯಲಿಲ್ಲ. "ಇಟ್ಟು ಇಟ್ಟು ಏನ್ ಮಾಡ್ತಿ ಯವ್ವಾ? ಕೌದಿ ಹೊಲಿಯೂಣು," ಅಂದಳು, ಅಷ್ಟೇ.

ನಾನು ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ಬೆಳೆದವಳು. ಕೌದಿ ಅಂದರೆ ಹಳೆ ಬಟ್ಟೆಗಳನ್ನು ಪದರು ಪದರಾಗಿ ಹಾಕಿ ಹೊಲಿದದ್ದು. ನಮಗೆ ಹಾಸಲಿಕ್ಕೂ ಅದೇ, ಹೊದೆಯಲಿಕ್ಕೂ ಅದೇ, ಬಂದವರಿಗೆ ಪಡಸಾಲೆಯಲ್ಲಿ ಮಡಚಿ ಹಾಕಿ ಕೂರಿಸಲಿಕ್ಕೂ ಅದೇ. ಹಳೆ ಸೀರೆ, ಧೋತರ, ಅಂಗಿ, ಹರಿದ ಲಂಗ, ಯಾವುದನ್ನೂ ಎಸೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರು ಬರುತ್ತಿದ್ದರು. ಬೇವಿನ ಗಿಡದ ನೆರಳಲ್ಲಿ ಅರಿವೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ಎದುರುಬದುರು ಕೂತು ಹೊಲಿಯುತ್ತಿದ್ದರು. ಕೂಲಿಗೆ ಜೋಳ, ಸ್ವಲ್ಪ ದುಡ್ಡು, ಮಧ್ಯಾಹ್ನಕ್ಕೆ ರೊಟ್ಟಿ ಪಲ್ಯ. ಅವರು ಹೊಲಿಯುತ್ತಾ ಆಡುವ ಮಾತು ಕೇಳಲಿಕ್ಕೆ ನಾವು ಹುಡುಗಿಯರು ಅಲ್ಲೇ ಸುತ್ತಾಡುತ್ತಿದ್ದೆವು. ಯಾವ ಊರಲ್ಲಿ ಯಾರ ಮಗಳು ಬಸುರಿ, ಯಾರ ಮನೆ ಎತ್ತು ಸತ್ತಿತು, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ನಾವು ರಾತ್ರಿ ಕೌದಿ ಮೇಲೆ ಮಲಗಿ ಅದರ ತುಂಡುಗಳನ್ನು ಗುರುತು ಹಿಡಿಯುತ್ತಿದ್ದೆವು. ಇದು ಅಜ್ಜಿಯದು, ಇದು ನನ್ನ ಎರಡನೇ ಕ್ಲಾಸಿನ ಫ್ರಾಕು, ಇದು ಕಾಕಾನ ಪಟ್ಟಾಪಟ್ಟಿ.

ಆದರೆ ಅವೆಲ್ಲ ಉಟ್ಟು ಸವೆದ ಬಟ್ಟೆಗಳು. ಅವ್ವನ ಇಳಕಲ್ ಸೀರೆ ಸವೆದಿರಲಿಲ್ಲ. ನನ್ನ ತಕರಾರು ಅದೇ ಆಗಿತ್ತು.

ಆ ಸೀರೆ ಬಂದ ಕಥೆ ಹೇಳುತ್ತೇನೆ. 2016ರ ಜನವರಿಯಲ್ಲಿ ಅಪ್ಪ, ಅವ್ವ, ನಾನು, ನನ್ನ ಗಂಡ, ಮಕ್ಕಳು ಎಲ್ಲ ಸೇರಿ ಕಾರಿನಲ್ಲಿ ಬಾದಾಮಿಗೆ ಹೋಗಿದ್ದೆವು. ಮಗಳು ಆಗ ಎರಡು ವರ್ಷದವಳು. ಬನಶಂಕರಿ ಜಾತ್ರೆ ಸಮಯ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ಆ ಜನಸಂದಣಿಯಲ್ಲಿ ಕಾರು ನಿಲ್ಲಿಸಲಿಕ್ಕೆ ಜಾಗ ಹುಡುಕುವುದರಲ್ಲೇ ಒಂದು ತಾಸು ಹೋಯಿತು. ಗುಡಿಯ ಮುಂದೆ ಬುಟ್ಟಿ ಹೊತ್ತು ತಂದ ಹೆಂಗಸರು ರೊಟ್ಟಿ ಊಟ ಕೊಡುತ್ತಾರಲ್ಲ, ಅವರ ಹತ್ತಿರ ಕೂತು ಕಟಕ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಡಿಗೆ ಮೊಸರು ಉಂಡೆವು. ಅವ್ವ ಆ ಹೆಂಗಸಿನ ಸೀರೆಯ ದಡಿ ನೋಡಿ, "ಗೋಮಿ ದಡಿ ಅಲ್ಲೇನ್ ಬೇ ಇದು?" ಅಂತ ಮಾತಿಗಿಳಿದಳು. ಇನ್ನು ಮುಗಿಯಿತು. ನಾವು ಕೈ ತೊಳೆದು ಬಂದರೂ ಅವರಿಬ್ಬರ ಮಾತು ಮುಗಿದಿರಲಿಲ್ಲ.

ಮರುದಿನ ಮೇಣಬಸದಿ ನೋಡಿದೆವು. ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಹಾಕಿಸಿದ, ಕ್ರಿ.ಶ. 578ರ ಶಾಸನ ಇದೆ. ನನ್ನ ಗಂಡ ಅದರ ಮುಂದೆಯೇ ನಿಂತುಬಿಟ್ಟರು. ಅವ್ವ ಮೆಟ್ಟಿಲ ಕಟ್ಟೆಯ ಮೇಲೆ ಕೂತು ಕೆಳಗೆ ಅಗಸ್ತ್ಯ ತೀರ್ಥದ ಕಡೆ ನೋಡುತ್ತಿದ್ದಳು. ಹೊಂಡದ ಪಾವಟಿಗೆಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಗೆದ ಸೀರೆಗಳನ್ನು ಕಲ್ಲಿನ ಮೇಲೆ ಉದ್ದಕ್ಕೆ ಹಾಸಿದ್ದರು. ಕೆಂಪು, ಹಳದಿ, ಹಸಿರು, ಒಂದರ ಪಕ್ಕ ಒಂದು. ಸುತ್ತ ಕೆಂಪು ಬಂಡೆ, ನಡುವೆ ಹಸಿರು ನೀರು. "ನೋಡು, ಊರವ್ರೆಲ್ಲಾ ಕೂಡಿ ಕೌದಿ ಹಾಸ್ಯಾರ," ಅಂದಳು ಅವ್ವ. ಆ ಪ್ರವಾಸದಲ್ಲಿ ನಾನು ತೆಗೆದ ಫೋಟೋಗಳೆಲ್ಲ ಹಳೆ ಫೋನಿನ ಜೊತೆ ಹೋದವು. ಆ ಮಾತು ಮಾತ್ರ ಅವಳ ದನಿಯ ಸಮೇತ ಉಳಿದಿದೆ.

ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದದ ಮೇಲೆ ಇಳಕಲ್ಲಿಗೆ ಹೋದೆವು. ಪರಿಚಯದವರು ಒಬ್ಬ ನೇಕಾರರ ಮನೆಗೆ ಕರೆದೊಯ್ದರು. ಕುಣಿಮಗ್ಗ ಅಂತ ಕೇಳಿದ್ದೆ, ನೋಡಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕಾಲಲ್ಲಿ ತುಳಿಯುತ್ತಾ, ಕೈಯಲ್ಲಿ ಲಾಳಿ ಓಡಿಸುತ್ತಾರೆ. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳು, ಒಡಲಿಗೇ ಬೇರೆ, ಸೆರಗಿಗೇ ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕೋದು ಅಂತಾರೆ. ಸಾವಿರಾರು ಎಳೆ, ಒಂದೊಂದಕ್ಕೂ ಒಂದು ಕೊಂಡಿ. ಆ ಮನೆಯ ಸೊಸೆ ಗೋಡೆಗೆ ಬೆನ್ನು ಕೊಟ್ಟು ಕೂತು ಅದನ್ನೇ ಮಾಡುತ್ತಿದ್ದಳು. ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು, ಅವಳು ನಮ್ಮ ಜೊತೆ ಮಾತಾಡುತ್ತಿದ್ದಳು, ನಡುವೆ ಅಳುವ ಮಗುವಿಗೆ ಗದರುತ್ತಿದ್ದಳು. ಹೀಗೆ ಮಾಡಿದ ಸೆರಗಿಗೆ ಟೋಪು ತೆನಿ ಅಂತ ಹೆಸರು. ಕೆಂಪು ಪಟ್ಟೆಗಳ ನಡುವೆ ಬಿಳಿಯ ತೆನೆಯ ವಿನ್ಯಾಸ. ಹಸಿರು ಒಡಲು, ಚಿಕ್ಕಿ ಪರಾಸ ದಡಿಯ ಒಂದು ಸೀರೆಯನ್ನು ಅಪ್ಪ ತಾನೇ ಆರಿಸಿ ಕೊಡಿಸಿದರು. ಮದುವೆಯಾಗಿ ನಲವತ್ತು ವರ್ಷದಲ್ಲಿ ಅಪ್ಪ ತಾವೇ ಆರಿಸಿದ ಮೊದಲ ಸೀರೆ ಅದು ಅಂತ ಅವ್ವ ದಾರಿಯುದ್ದಕ್ಕೂ ಹೇಳಿದಳು. ಅದನ್ನು ಅವಳು ಉಟ್ಟಿದ್ದು ನಾಲ್ಕೋ ಐದೋ ಸಲ. "ಛಲೋ ಸೀರಿ, ಇರಲಿ," ಅಂತ ಇಟ್ಟಳು.

ಆ ಸೀರೆಯನ್ನು ಹರಿ ಅಂದರೆ ಹೇಗೆ ಹರಿಯಲಿ?

ದೊಡ್ಡವ್ವ ಎರಡು ದಿನ ಸುಮ್ಮನಿದ್ದಳು. ಒತ್ತಾಯ ಮಾಡಲಿಲ್ಲ. ಉಳಿದ ಸೀರೆಗಳನ್ನು ವಿಂಗಡಿಸಿದಳು. ನೈಲಾನ್, ಪಾಲಿಯೆಸ್ಟರ್ ಎಲ್ಲ ಒಂದು ಕಡೆ. ಅವು ಕೌದಿಗೆ ಆಗುವುದಿಲ್ಲ. ಪದರು ಜಾರುತ್ತದೆ, ಬೆವರು ಹೀರುವುದಿಲ್ಲ. ನಾನು ಹಠ ಮಾಡಿ ಒಂದು ನೇರಳೆ ಪಾಲಿಯೆಸ್ಟರ್ ಸೀರೆ ಒಳಪದರಕ್ಕೆ ಹಾಕಿಸಿದ್ದೆ, ಅವ್ವ ಅದನ್ನು ದಿನಾ ಉಡುತ್ತಿದ್ದಳು ಅಂತ. ಎಂಟು ಸಾಲು ಹೊಲಿಯುವಷ್ಟರಲ್ಲಿ ಬಟ್ಟೆ ನಡುವೆ ಮುದ್ದೆಯಾಯಿತು. ಎಲ್ಲ ಬಿಚ್ಚಿದೆವು. ಬಿಚ್ಚಲಿಕ್ಕೆ ಹೊಲಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಇನ್ನೂ ಒಂದು ತಪ್ಪು ಮಾಡಿದೆ. ಅಪ್ಪನ ಬಿಳಿ ಧೋತರ ಒಂದಿತ್ತು, ಕೆಳಪದರಕ್ಕೆ ಅಂತ ಇಟ್ಟಿದ್ದು. ಅದನ್ನೂ ಒಂದು ಕೆಂಪು ಸೀರೆಯನ್ನೂ ಒಟ್ಟಿಗೆ ಬಿಸಿನೀರಿನಲ್ಲಿ ನೆನೆಸಿಬಿಟ್ಟೆ. ಧೋತರದ ಅರ್ಧ ಭಾಗ ಗುಲಾಬಿ ಬಣ್ಣವಾಯಿತು. ನನಗೆ ಅಳು ಬಂತು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, "ಹಂಗ ಇರಲಿ ಬಿಡು, ಅಕಿದು ಬಣ್ಣ," ಅಂದರು. ಅದನ್ನು ಹಾಗೇ ಹಾಕಿದ್ದೇವೆ.

ಇಷ್ಟರಲ್ಲಿ ಮದ್ದೂರಿನಿಂದ ಅತ್ತೆ ಬಂದರು. ಹಾಲ್ ತುಂಬಾ ಹರವಿದ್ದ ಬಟ್ಟೆ ನೋಡಿ, "ಬೊಂತೆ ಹೊಲೀತಿದ್ದೀರೇನಮ್ಮ?" ಅಂದರು. ಅವರ ಕಡೆ ಬೊಂತೆ, ನಮ್ಮ ಕಡೆ ಕೌದಿ. ಹದಿನೆಂಟು ವರ್ಷ ಒಂದೇ ಮನೆಯ ಊಟ ಮಾಡಿದ್ದೇನೆ, ಅತ್ತೆಗೆ ಬೊಂತೆ ಹೊಲಿಯಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೊಂತೆ ಅಂದಕೂಡಲೇ ನನಗೆ ಶಾಲೆಯಲ್ಲಿ ಕೇಳಿದ ಶರಣೆ ಬೊಂತಾದೇವಿ ನೆನಪಾದಳು. ಕಾಶ್ಮೀರದ ಕಡೆಯ ರಾಜಕುಮಾರಿ, ಎಲ್ಲ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ಬಸವಣ್ಣನ ಕಲ್ಯಾಣಕ್ಕೆ ಹೊರಟಳು, ದಾರಿಯಲ್ಲಿ ಶಿವ ಅವಳಿಗೆ ಒಂದು ಬೊಂತೆ ಕೊಟ್ಟ, ಅದನ್ನು ಹೊದ್ದದ್ದಕ್ಕೆ ಆ ಹೆಸರು ಬಂತು ಅನ್ನುವ ಕಥೆ. ದೇವರು ಕೊಟ್ಟದ್ದು ಪೀತಾಂಬರ ಅಲ್ಲ ನೋಡಿ, ತೇಪೆ ಹಾಕಿದ ಬೊಂತೆ. ನನಗೆ ಆ ಕಥೆ ಚಿಕ್ಕಂದಿನಿಂದ ಬಹಳ ಇಷ್ಟ.

ಅತ್ತೆ, ದೊಡ್ಡವ್ವ ಇಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು ಕಡಿಮೆ. ಮದುವೆ, ನಾಮಕರಣದಲ್ಲಿ ಕೈಮುಗಿದು ಕಾಫಿ ಕುಡಿದದ್ದು ಅಷ್ಟೇ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆವತ್ತು ಮಧ್ಯಾಹ್ನ ದೊಡ್ಡವ್ವ ಈ ಕಡೆಯ ಅಂಚಿಗೆ ಕೂತಿದ್ದಳು. ಅತ್ತೆ ಏನೂ ಕೇಳದೆ ಆ ಕಡೆಯ ಅಂಚಿಗೆ ಕೂತು, "ಒಂದ್ ಸೂಜಿ ಕೊಡಿ ಅಕ್ಕ," ಅಂದರು. "ಬರ್ರಿ ಬೀಗರ," ಅಂತ ದೊಡ್ಡವ್ವ ದಾರದ ಉಂಡೆಯನ್ನು ನೆಲದ ಮೇಲೆ ಉರುಳಿಸಿದಳು. ಆಮೇಲೆ ಅವರಿಗೆ ನಾವು ಯಾರೂ ಬೇಕಾಗಲಿಲ್ಲ.

ನನಗೂ ಜಾಗ ಬಿಟ್ಟುಕೊಟ್ಟರು. ಹೊಲಿಗೆ ಅಂದರೆ ದೊಡ್ಡ ವಿದ್ಯೆಯೇನಲ್ಲ. ಸೂಜಿ ಒಳಗೆ, ಹೊರಗೆ, ಒಳಗೆ, ಹೊರಗೆ. ನಾಲ್ಕೈದು ಹೊಲಿಗೆ ಸೂಜಿಯ ಮೇಲೆ ತೆಗೆದುಕೊಂಡು ಒಟ್ಟಿಗೆ ಎಳೆಯುವುದು. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಆದರೆ ಐದು ಪದರದ ಬಟ್ಟೆಯಲ್ಲಿ ಸೂಜಿ ಕೆಳಗೆ ಮುಟ್ಟಿತೋ ಇಲ್ಲವೋ ಅಂತ ತಿಳಿಯಲು ಎಡಗೈ ಬೆರಳು ಕೆಳಗೆ ಇಟ್ಟಿರಬೇಕು, ಸೂಜಿ ಬೆರಳಿಗೆ ತಾಗಿದಾಗ ಹೊರಗೆ ತೆಗೆಯಬೇಕು. ಮೊದಲ ದಿನ ನನ್ನ ತೋರುಬೆರಳು ಜಾಲರಿಯಾಯಿತು. ದೊಡ್ಡವ್ವನ ಬೆರಳಿನಲ್ಲಿ ಆ ಜಾಗ ಒಣ ಕೊಬ್ಬರಿಯ ಹಾಗೆ ಗಟ್ಟಿ. ಅವಳ ಹೊಲಿಗೆ ಜೋಳದ ಕಾಳಿನಷ್ಟು. ಅತ್ತೆಯದು ಇನ್ನೂ ಸಣ್ಣ, ಎಳ್ಳಿನ ಹಾಗೆ. ಮಗಳು ಟೇಪು ಹಿಡಿದು ಲೆಕ್ಕ ಹಾಕಿದಳು. ಕೌದಿ 5 ಅಡಿ ಅಗಲ, 7 ಅಡಿ ಉದ್ದ. ಬೆರಳಿಗೊಂದು ಸಾಲು ಅಂದರೆ ಸುಮಾರು 80 ಸಾಲು. ಒಂದೊಂದು ಸಾಲು 7 ಅಡಿ. ಒಟ್ಟು 560 ಅಡಿ. "ಅಮ್ಮ, ನೀವು ನಮ್ಮ ರಸ್ತೆಯಷ್ಟು ಉದ್ದ ಹೊಲೀತೀರಾ!" ಅಂತ ಕೂಗಿದಳು. ಅವಳಿಗೂ ಒಂದು ಸಾಲು ಕೊಟ್ಟೆವು. ಅದು ಹಾವಿನ ಹಾಗೆ ಹೋಗಿದೆ, ಬಿಚ್ಚಲಿಲ್ಲ.

ಹೊಲಿಯುತ್ತಾ ನಾನು ಯಲ್ಲಾಪುರದಲ್ಲಿ ನೋಡಿದ್ದನ್ನು ಹೇಳಿದೆ. ಎರಡು ವರ್ಷದ ಹಿಂದೆ ಮಾಗೋಡು ಜಲಪಾತಕ್ಕೆ ಹೋದಾಗ ದಾರಿಯಲ್ಲಿ ಒಂದು ಸಿದ್ದಿ ಕುಟುಂಬದ ಮನೆಯ ಬೇಲಿಯ ಮೇಲೆ ದೊಡ್ಡ ಕೌದಿ ಒಣಗಲು ಹಾಕಿದ್ದರು. ಕಾರು ನಿಲ್ಲಿಸಿ ಕೇಳಿದ್ದಕ್ಕೆ ಆ ಮನೆಯ ಅಜ್ಜಿ ಒಳಗೆ ಕರೆದು ಇನ್ನೊಂದನ್ನು ತೋರಿಸಿದರು. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು ಸಿದ್ದಿಗಳು, ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆಸಿದ್ದಾರೆ. ಅವರು ನಮ್ಮ ಹಾಗೆ ನೇರ ಸಾಲು ಹೊಲಿಯುವುದಿಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತಿ ಸುತ್ತಿ, ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ಬಣ್ಣ ಬಣ್ಣದ ಚೌಕ ಮೇಲಿನಿಂದ ಹಚ್ಚುತ್ತಾ ಹೋಗುತ್ತಾರೆ. ನಾಲ್ಕೂ ಮೂಲೆಗೆ ಮುಕ್ಕೋನದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ, ಅದಕ್ಕೆ ಫುಲಾ ಅಂತ ಹೆಸರು, ಹೂವು. ಅದಿಲ್ಲದ ಕೌದಿ ಬತ್ತಲೆ ಇದ್ದ ಹಾಗೆ ಅನ್ನುವುದು ಅವರ ಮಾತು. ದೊಡ್ಡವ್ವ ಸೂಜಿ ನಿಲ್ಲಿಸಿ ಕೇಳಿದಳು. "ನಮಗೂ ಹೂವು ಬೇಕ ಹಂಗಾರ," ಅಂದಳು. ಅವ್ವನ ಗುಳೇದಗುಡ್ಡ ಖಣದ ಕುಪ್ಪಸ ಒಂದು ಇತ್ತು. ಅದನ್ನು ಬಿಚ್ಚಿ ನಾಲ್ಕು ಮೂಲೆಗೆ ನಾಲ್ಕು ಮುಕ್ಕೋನ ಮಾಡಿದೆವು.

ಮೇಲಿನ ಪದರ ಮಾತ್ರ ಖಾಲಿ ಉಳಿದಿತ್ತು. ಅಲ್ಲಿಗೆ ಒಂದು ಹಳೆ ಬೆಡ್‌ಶೀಟ್ ಟಾಕು ಹಾಕಿ ಹೊಲಿಯುತ್ತಿದ್ದರು, ನನ್ನ ಸಲುವಾಗಿ. ಮೂರನೇ ದಿನ ಸಂಜೆ ನಾನೇ ಎದ್ದು ಹಸಿರು ಸೀರೆ ತಂದೆ. ಯಾಕೆ ಅಂತ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ಆ ಎರಡು ಮುದುಕಿಯರು ತಮ್ಮ ಅಂಚಿನಿಂದ ಸಾಲು ಸಾಲು ಹತ್ತಿರ ಬರುತ್ತಿದ್ದರು, ಅವರ ನಡುವೆ ಅವ್ವ ಕೂರಬೇಕಿತ್ತು ಅನಿಸಿತು.

ಟಾಕು ಬಿಚ್ಚಿದರು, ಹೊಲಿದಷ್ಟೂ ಬಿಚ್ಚಿದರು, ಒಂದು ಮಾತೂ ಆಡಲಿಲ್ಲ. ಸೀರೆ ಹರಿಯಲು ದೊಡ್ಡವ್ವ ಕೈ ಚಾಚಿದಳು. ನಾನೇ ಹರಿಯುತ್ತೇನೆ ಅಂದೆ. ದಡಿಗೆ ಕತ್ತರಿ ಹಾಕಿದೆ, ಎಳೆದೆ. ಆ ಸದ್ದಿಗೆ ಅಡುಗೆಮನೆಯಲ್ಲಿದ್ದ ಮಗ ಓಡಿಬಂದ. ಹತ್ತಿ ಬಟ್ಟೆಯನ್ನು ಕತ್ತರಿಸುವುದಕ್ಕಿಂತ ಹರಿಯುವುದೇ ಒಳ್ಳೆಯದು, ಎಳೆಯ ಗುಂಟ ಹೋಗುತ್ತದೆ, ಅಂಚು ನೂಲು ಹಿಡಿದಂತೆ ನೇರ ಬರುತ್ತದೆ ಅಂತ ದೊಡ್ಡವ್ವ ಅವನಿಗೆ ಹೇಳುತ್ತಿದ್ದಳು. ನನಗೆ ಅರ್ಧಂಬರ್ಧ ಕೇಳಿಸಿತು. ಗಾಳಿಯಲ್ಲಿ ಹತ್ತಿಯ ಸಣ್ಣ ಧೂಳು ಎದ್ದಿತ್ತು. ಕಿಟಕಿಯ ಬಿಸಿಲಲ್ಲಿ ಕಾಣುತ್ತಿತ್ತು. ಅದರಲ್ಲಿ ಗುಳಿಗೆಯ ವಾಸನೆ ಇರಲಿಲ್ಲ. ಬಟ್ಟೆಯ ವಾಸನೆ ಇತ್ತು, ಅದರ ಅಡಿಯಲ್ಲಿ, ನನ್ನ ಭ್ರಮೆಯೋ ಏನೋ, ಒಗ್ಗರಣೆ ಮತ್ತು ಬೆವರಿನ ವಾಸನೆ ಇತ್ತು.

ಸೆರಗು ಸೀಳಿದ್ದರಿಂದ ಅದನ್ನು ತೆಗೆಯಬೇಕಿತ್ತು. ಒಡಲೂ ಸೆರಗೂ ಕೂಡುವ ಗೆರೆಯನ್ನು ಆಗ ಹತ್ತಿರದಿಂದ ನೋಡಿದೆ. ಹಸಿರು ಎಳೆಯ ಕುಣಿಕೆಯೊಳಗೆ ಕೆಂಪು ಎಳೆಯ ಕುಣಿಕೆ, ಅಗಲಕ್ಕೂ ಹಾಗೇ. ಏಳು ವರ್ಷದ ಹಿಂದೆ ಗೋಡೆಗೆ ಒರಗಿ ಕೂತಿದ್ದ ಆ ಸೊಸೆಯಂಥವಳೇ ಯಾರೋ ಹಾಕಿದ್ದು. ಅಲ್ಲಿ ಕತ್ತರಿ ಇಡಲು ಯಾರಿಗೂ ಮನಸ್ಸು ಬರಲಿಲ್ಲ. ಗೇಣುದ್ದದ ಸೆರಗು ಬಿಟ್ಟು ಅದರಾಚೆಗೆ ಕತ್ತರಿಸಿದೆವು. ಸೀಳಿದ ಭಾಗಕ್ಕೆ ಅತ್ತೆ ಅಡಿಯಿಂದ ತೆಳು ಬಟ್ಟೆ ಕೊಟ್ಟು ತೇಪೆ ಹಾಕಿದರು. ಕೌದಿಯ ತಲೆಯ ಕಡೆ ಅದು ಈಗ ಕೆಂಪು ಪಟ್ಟಿಯಾಗಿ ಕಾಣುತ್ತದೆ.

ನಡುವೆ ಇಡಲು ಅವ್ವ ಹಾಕಿದ ಕಸೂತಿಯ ಒಂದು ತುಂಡು ಇತ್ತು. ತುಳಸಿಕಟ್ಟೆ, ಎರಡು ಆನೆ. ಗವಂತಿ ಹೊಲಿಗೆ. ಎಳೆ ಎಣಿಸಿ ಹಾಕುವುದು, ಗಂಟು ಹಾಕುವ ಹಾಗಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಅದರ ಸುತ್ತ ಸಾಲು ಹೊಲಿಯೋಣ, ಅದರ ಮೇಲೆ ಬೇಡ ಅಂದೆ. ದೊಡ್ಡವ್ವ ಒಪ್ಪಲಿಲ್ಲ. ಅಲ್ಲಿ ಹೊಲಿಗೆ ಬೀಳದಿದ್ದರೆ ಒಗೆದಾಗ ಉಬ್ಬುತ್ತದೆ, ಮೊದಲು ಅದೇ ಹರಿಯುತ್ತದೆ ಅಂದಳು. ಆನೆಯ ಬೆನ್ನ ಮೇಲೆ, ತುಳಸಿಕಟ್ಟೆಯ ನಡುವೆ ಅವಳ ಜೋಳದ ಕಾಳಿನ ಹೊಲಿಗೆ ನೇರ ಹಾದುಹೋಯಿತು. ಗವಂತಿಯೂ ಇದೇ ಹೊಲಿಗೆ ತಾನೇ, ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುವುದು ಅಷ್ಟೇ ವ್ಯತ್ಯಾಸ. ತಂಗಿಯ ಹೊಲಿಗೆಯ ಮೇಲೆ ಅಕ್ಕನ ಹೊಲಿಗೆ. ಹೊಲಿಯುವಾಗ ದೊಡ್ಡವ್ವನ ಕೈ ಒಂದು ಸಲ ನಿಂತಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

ಹನ್ನೊಂದು ದಿನ ಹಿಡಿಯಿತು. ಕೊನೆಯ ದಿನ ದೊಡ್ಡವ್ವ ಒಂದು ಮೂಲೆ ಮಾತ್ರ ಹೊಲಿಯದೆ ಬಿಟ್ಟಿದ್ದಳು. ಖಣದ ಮುಕ್ಕೋನದ ಅಡಿಯಲ್ಲಿ, ಬೆರಳು ಹೋಗುವಷ್ಟು ಸಂದು. ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಐದು ಜೋಳದ ಕಾಳು ತಂದು ಮಗಳ ಅಂಗೈಗೆ ಹಾಕಿದಳು. "ಕೌದಿ ಬರೇ ಹೊಟ್ಟಿಲೆ ಇರಬಾರದು, ಉಣ್ಣಸು," ಅಂದಳು. ಮಗಳು ಒಂದೊಂದೇ ಕಾಳು ಒಳಗೆ ತಳ್ಳಿದಳು. ಅತ್ತೆ ಸಂದು ಮುಚ್ಚಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದರು.

ಇದನ್ನು ಗೋಡೆಗೆ ಹಾಕಿ ಎಂದು ಮನೆಗೆ ಬಂದ ಇಬ್ಬರು ಮೂವರು ಹೇಳಿದರು. ಹಾಕಿಲ್ಲ. ಮಗಳು ದಿನಾ ಹೊದೆಯುತ್ತಾಳೆ. ತಿಂಗಳಿಗೊಮ್ಮೆ ಒಗೆಯುತ್ತೇನೆ. ನೆನೆದರೆ ಒಬ್ಬಳ ಕೈಯಲ್ಲಿ ಎತ್ತಲಾಗುವುದಿಲ್ಲ, ಟೆರೇಸಿಗೆ ನಾನೂ ಮಗನೂ ಎರಡು ಕಡೆ ಹಿಡಿದು ಒಯ್ಯುತ್ತೇವೆ. ಹಸಿರು ಸ್ವಲ್ಪ ಮಾಸಿದೆ, ಮೈ ಮೊದಲಿಗಿಂತ ಮೆತ್ತಗಾಗಿದೆ. ರಾತ್ರಿ ದೀಪ ಆರಿಸಿದ ಮೇಲೂ ಮಗಳು ಆ ಮೂಲೆಯನ್ನು ಹುಡುಕಿ ಹಿಡಿದು, ಬಟ್ಟೆಯ ಮೇಲಿನಿಂದ ಬೆರಳಲ್ಲಿ ಕಾಳು ಎಣಿಸುತ್ತಾಳೆ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಕೆಲವು ದಿನ ಸಿಗುತ್ತದೆ, ಕೆಲವು ದಿನ ಅಷ್ಟರಲ್ಲೇ ನಿದ್ದೆ ಬಂದಿರುತ್ತದೆ.